ತಾರೀಖು ಮೇಷ್ಟ್ರ ಮುಹೂರ್ತ

ನಂಜನಗೂಡಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುವ ನಂಜುಂಡೇಶ್ ಮೇಷ್ಟ್ರಿಗೆ, ತಮಗೆ ಯಾವ ಮೂಢನಂಬಿಕೆಯೂ ಇಲ್ಲ ಎಂಬ ಒಂದು ಬಲವಾದ ಮೂಢನಂಬಿಕೆ ಇತ್ತು. ಬೇಕೆಂದೇ ರಾಹುಕಾಲದಲ್ಲಿ ಹೊಸ ಚಪ್ಪಲಿ ಮೆಟ್ಟುವರು. ಅಮಾವಾಸ್ಯೆ ದಿನವೇ ಕ್ಷೌರಕ್ಕೆ ಹೋಗುವರು. ಅವತ್ತು ಅಂಗಡಿಯಲ್ಲಿ ಜನ ಇರುವುದಿಲ್ಲ ಎಂಬುದು ಆ ಕ್ರಾಂತಿಯ ಒಳಗುಟ್ಟು. ಬೆಕ್ಕು ಅಡ್ಡ ಬಂದರೆ ಮಾತ್ರ ನಿಂತು, ಅದು ದಾಟಿ ಕಣ್ಮರೆಯಾದ ಮೇಲೆ ಹೆಜ್ಜೆ ಇಡುತ್ತಿದ್ದರು. ಕೇಳಿದವರಿಗೆ ಅದು ಪ್ರಾಣಿದಯೆ ಎನ್ನುತ್ತಿದ್ದರು. ಈ ಕಥೆಯನ್ನು ಈಗ ಅವರೇ ಸ್ಟಾಫ್ ರೂಮಿನಲ್ಲಿ ತಮ್ಮ ಮೇಲೆ ತಾವೇ ನಗುತ್ತ ಹೇಳಿಕೊಳ್ಳುವುದರಿಂದ, ನಾವು ನಗುವುದಕ್ಕೂ ಅವರ ಅಪ್ಪಣೆ ಇದೆಯೆಂದು ತಿಳಿಯಬಹುದು.

ಎಲ್ಲ ಶುರುವಾದದ್ದು ತೊಂಬತ್ತೊಂದನೇ ಇಸವಿಯಲ್ಲಿ. ಆಗಿನ ಹೆಡ್‌ಮಾಸ್ಟರು, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಯಾರಾದರೂ ಎರಡು ನಿಮಿಷ ಮಕ್ಕಳಿಗೆ ಉಪಯುಕ್ತವಾದ ಮಾತಾಡಬೇಕು ಎಂದು ಸುತ್ತೋಲೆ ಹೊರಡಿಸಿದರು. ಮಿಕ್ಕ ಮೇಷ್ಟ್ರುಗಳು ಗಂಟಲು ಕಟ್ಟಿದೆ ಎಂದು ಜಾರಿಕೊಂಡರು. ನಂಜುಂಡೇಶ್ ಮೇಷ್ಟ್ರು 'ಚರಿತ್ರೆಯಲ್ಲಿ ಈ ದಿನ' ಎಂದು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಜೂನ್ ಇಪ್ಪತ್ತೈದು: ದೇಶಕ್ಕೆ ತುರ್ತು ಪರಿಸ್ಥಿತಿ ಬಂದದ್ದೂ ಅವತ್ತೇ, ಎಂಟು ವರ್ಷದ ಮೇಲೆ ನಾವು ಕ್ರಿಕೆಟ್ಟಿನ ವಿಶ್ವಕಪ್ ಗೆದ್ದದ್ದೂ ಅವತ್ತೇ. ಆಗಸ್ಟ್ ಹದಿನೈದು: ನಮಗೆ ಸ್ವಾತಂತ್ರ್ಯ ಬಂದ ದಿನವೇ, ನೂರೆಪ್ಪತ್ತೆಂಟು ವರ್ಷದ ಹಿಂದೆ, ನೆಪೋಲಿಯನ್ ಹುಟ್ಟಿದ್ದ. ಎರಡು ನಿಮಿಷ ಹತ್ತು ನಿಮಿಷವಾಯಿತು. ಬಿಸಿಲಿಗೆ ಮುಂದಿನ ಸಾಲಿನ ಮಕ್ಕಳು ತಲೆ ಸುತ್ತಿ ಕೂರುತ್ತಿದ್ದರು. ಊರಿನವರು ಅವರಿಗೆ ತಾರೀಖು ಮೇಷ್ಟ್ರು ಎಂದು ಹೆಸರಿಟ್ಟರು. ಅದನ್ನು ಅವರು ಬಿರುದು ಎಂದುಕೊಂಡು ಹದಿನೈದು ವರ್ಷ ಎದೆ ಸೆಟೆಸಿ ಓಡಾಡಿದರು.

ಆ ಭಾಷಣವನ್ನು ಮೊದಲು ಕೇಳಬೇಕಾಗಿದ್ದವಳು ಅವರ ಒಬ್ಬಳೇ ಮಗಳು ಗಾನವಿ. ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದಲೂ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಕುಳಿತು ಕೇಳುವಳು. ಮೇಷ್ಟ್ರು ನಿಂತು ಹೇಳುವರು. "ಇದು ಬೇಡ ಅಪ್ಪ, ಹೋದ ವರ್ಷಾನೂ ಹೇಳಿದ್ರಿ" ಎಂದು ತಿದ್ದುವಳು. "ಇದು ಚೆನ್ನಾಗಿದೆ" ಎಂದರೆ ಮೇಷ್ಟ್ರ ಸೈಕಲ್ ತಂತಾನೇ ಸ್ಕೂಲಿನ ಕಡೆ ಓಡುತ್ತಿತ್ತು. ಹೆಂಡತಿ ಮಲ್ಲಾಜಮ್ಮ ಈ ಕಾಟದಿಂದ ತಪ್ಪಿಸಿಕೊಳ್ಳಲೆಂದೇ ಆ ಹೊತ್ತಿಗೆ ಮಿಕ್ಸಿ ಹಾಕುತ್ತಿದ್ದರು.

ದಿನಗಳ ಜೊತೆ ಇಷ್ಟು ವರ್ಷ ಒಡನಾಡಿದ್ದರಿಂದ ಮೇಷ್ಟ್ರಿಗೆ ಅವಕ್ಕೂ ಒಂದೊಂದು ಗುಣ, ಒಂದೊಂದು ನಡತೆ ಇದೆ ಅನ್ನಿಸತೊಡಗಿತ್ತು. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬಿಡುವ ಸಂದರ್ಭ ಬಂದದ್ದು ಎರಡು ಸಾವಿರದ ಆರರಲ್ಲಿ, ಗಾನವಿಗೆ ಟಿ. ನರಸೀಪುರದಿಂದ ಸಂಬಂಧ ಬಂದಾಗ.

ಹುಡುಗ ಪ್ರಭುಸ್ವಾಮಿ, ಪಶು ಆಸ್ಪತ್ರೆಯಲ್ಲಿ ಕೆಲಸ. ಅಪ್ಪ ಗುರುಮಲ್ಲಪ್ಪನವರದು ನರಸೀಪುರದಲ್ಲಿ ಅಕ್ಕಿ ಗಿರಣಿ. ಹುಲ್ಲಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶದಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದರು. ಅದಕ್ಕೆ ಮೊದಲು ಮೂವರು ಹುಡುಗರನ್ನು ಬೇಡವೆಂದಿದ್ದ ಗಾನವಿ ಈ ಸಲ "ಆಗಬಹುದು" ಎಂದು ಹೇಳಿ ಒಳಗೆ ಹೋದವಳು ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ. ಗಂಡಿನ ಕಡೆಯವರದು ಒಂದೇ ಕೋರಿಕೆ. ಹುಡುಗನ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಾರೆ. ಎಬ್ಬಿಸಿ ಕರೆತರುವ ಹಾಗಿಲ್ಲ. ಆದ್ದರಿಂದ ವೀಳ್ಯ ಬದಲಿಸುವ ಶಾಸ್ತ್ರ ನರಸೀಪುರದ ಮನೆಯಲ್ಲೇ ಆಗಲಿ, ಹುಡುಗಿಯೂ ಬರಲಿ, ಅಜ್ಜಿ ಕಣ್ತುಂಬ ನೋಡಲಿ, ಬೇಗ ಆಗಲಿ.

ಪಂಚಾಂಗದ ಮರಿಯಯ್ಯನವರು ಮಾರ್ಚ್ ಹನ್ನೆರಡು ಎಂದರು. ಭಾನುವಾರ, ಎಲ್ಲರಿಗೂ ರಜೆ.

"ಅವತ್ತು ಬೇಡ" ಎಂದರು ಮೇಷ್ಟ್ರು. "ತೊಂಬತ್ಮೂರರಲ್ಲಿ ಬೊಂಬಾಯಲ್ಲಿ ಬಾಂಬು ಸಿಡಿದ ದಿನ."

"ದಂಡಿಯಾತ್ರೆ ಶುರುವಾದ ದಿನಾನೂ ಅದೇ ಅಲ್ವಾ ಅಪ್ಪ?" ಎಂದಳು ಗಾನವಿ ಒಳಗಿನಿಂದ. ಸಾಕಿದ ಗಿಳಿ ಕಚ್ಚಿದಂತಾಯಿತು ಮೇಷ್ಟ್ರಿಗೆ.

"ಶುರುವಾದ್ದು ಸರಿ. ಮುಗಿದದ್ದೆಲ್ಲಿ? ಜೈಲಲ್ಲಿ" ಎಂದು ಬಾಯಿ ಮುಚ್ಚಿಸಿದರು.

ಮರಿಯಯ್ಯನವರು ಮತ್ತೆ ಪುಟ ತಿರುವಿ ಏಪ್ರಿಲ್ ಏಳು ಕೊಟ್ಟರು. ಶುಕ್ರವಾರ, ದಶಮಿ, ಬೆರಳಿಡಲು ಜಾಗವಿಲ್ಲದಷ್ಟು ಒಳ್ಳೆಯ ದಿನ. ಮೇಷ್ಟ್ರು ಬೆರಳಲ್ಲ, ಕೈಯನ್ನೇ ಇಟ್ಟರು. ರುವಾಂಡಾದಲ್ಲಿ ಲಕ್ಷಗಟ್ಟಲೆ ಜನರ ಕಗ್ಗೊಲೆ ಶುರುವಾದದ್ದು ಅವತ್ತು.

"ಅದ್ಯಾವ ತಾಲ್ಲೂಕ್ರೀ?" ಎಂದರು ಮಲ್ಲಾಜಮ್ಮ.

"ಆಫ್ರಿಕಾ ಕಣೇ."

"ಅಲ್ಲಿಂದ ಯಾರ್ನ ಕರೀತಾ ಇದ್ದೀವಿ ನಾವು ಶಾಸ್ತ್ರಕ್ಕೆ?"

ಮೇಷ್ಟ್ರು ಹೆಂಡತಿಯ ಲೋಕಜ್ಞಾನದ ಬಗ್ಗೆ ಮರುಕಪಟ್ಟರು. ಮೂರನೆಯ ಸಲ ಮರಿಯಯ್ಯನವರು ಬ್ರಹ್ಮಾಸ್ತ್ರ ತೆಗೆದರು. ಏಪ್ರಿಲ್ ಮೂವತ್ತು, ಅಕ್ಷಯ ತದಿಗೆ. ಅವತ್ತಿಗೆ ಮುಹೂರ್ತವನ್ನೇ ನೋಡಬೇಕಿಲ್ಲ, ಇಡೀ ದಿನವೇ ಮುಹೂರ್ತ. ಮೇಷ್ಟ್ರು ಕಣ್ಣು ಮುಚ್ಚಿ ತೆರೆದು, "ಹಿಟ್ಲರ್ ಗುಂಡು ಹೊಡ್ಕೊಂಡು ಸತ್ತ ದಿನ" ಎಂದರು.

"ಕೆಟ್ಟೋನು ಸತ್ರೆ ಒಳ್ಳೇದೇ ಆಯ್ತಲ್ಲ" ಎಂದರು ಮರಿಯಯ್ಯನವರು. ಅವರ ಸಹನೆ ದೊಡ್ಡದು.

"ಹಿಂದಿನ ದಿನ ತಾನೇ ಮದುವೆ ಆಗಿದ್ದ ಸ್ವಾಮಿ. ಮದುಮಗ."

ಪಂಚಾಂಗ ಮುಚ್ಚಿದ ಸದ್ದು ಬೀದಿಗೆ ಕೇಳಿಸಿತು. ಅಯ್ಯನವರು ಹೋಗುವಾಗ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ನನ್ನ ರಾಹುಕಾಲ ಒಂದೂವರೆ ಗಂಟೇಲಿ ಮುಗೀತದೆ. ನಿಮ್ಮದು ಮುಗಿಯೋ ಹಂಗೇ ಕಾಣ್ತಿಲ್ಲ" ಎಂದು ಹೇಳಿ ಹೋದರು. ಪಂಚಾಂಗ ನಂಬುವ ಮನುಷ್ಯ ತಮಗೆ ಬುದ್ಧಿ ಹೇಳಿ ಹೋದನಲ್ಲ ಎಂದು ಮೇಷ್ಟ್ರಿಗೆ ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ಗುರುಮಲ್ಲಪ್ಪನವರ ಫೋನು ಬಂತು. ಮೆತ್ತಗಿನ ಮಾತಿನ ಮನುಷ್ಯ. ಕಳಲೆಯಿಂದ ಇನ್ನೊಂದು ಸಂಬಂಧ ಹೇಳಿಕಳಿಸಿದ್ದಾರೆ, ನಾವು ಇನ್ನೂ ಏನೂ ಹೇಳಿಲ್ಲ, ಅವ್ವನಿಗೆ ದಿನೇದಿನೇ ನಿತ್ರಾಣ, ನೀವು ಒಂದು ಮಾತು ಹೇಳಿಬಿಟ್ಟರೆ ಒಳ್ಳೆಯದು ಎಂದರು. ಮೇಷ್ಟ್ರು ಫೋನಿಟ್ಟು ತಿರುಗಿದಾಗ ಗಾನವಿ ಅಡುಗೆಮನೆಯ ಬಾಗಿಲಲ್ಲಿ, ದಿನಾ ಕೂರುವ ಜಾಗದಲ್ಲೇ ಕುಳಿತಿದ್ದಳು.

"ಅಪ್ಪ, ಒಂದು ದಿನ ಹುಡುಕಿ. ಮುನ್ನೂರ ಅರವತ್ತೈದರಲ್ಲಿ ಒಂದೇ ಒಂದು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹುಡುಕಿದರು. ಏಪ್ರಿಲ್ ಹನ್ನೆರಡು ಸಿಕ್ಕಿತು. ಸಾವಿರದ ಒಂಬೈನೂರ ಅರವತ್ತೊಂದರ ಆ ದಿನ ಯೂರಿ ಗಗಾರಿನ್ ಎಂಬ ಬಡಗಿಯ ಮಗ ಮೊಟ್ಟಮೊದಲು ಆಕಾಶ ದಾಟಿ ಹೋಗಿ, ಭೂಮಿಯನ್ನು ಒಂದು ಸುತ್ತು ಹಾಕಿ, ಕ್ಷೇಮವಾಗಿ ಇಳಿದು ಬಂದ. ಹೋದವನು ಕ್ಷೇಮವಾಗಿ ವಾಪಸು ಬಂದ ಎನ್ನುವುದು ಮೇಷ್ಟ್ರಿಗೆ ಬಹಳ ಹಿಡಿಸಿತು. ಅದೇ ತಾರೀಖಿಗೆ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿತ್ತು, ರೂಸ್‌ವೆಲ್ಟ್ ತೀರಿಕೊಂಡಿದ್ದರು. ಮೇಷ್ಟ್ರು ಎರಡನ್ನೂ ಬಲ್ಲರು. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಚರಿತ್ರೆಯನ್ನು ಮುಚ್ಚಿಟ್ಟರು. ಅಮೆರಿಕದವರ ಜಗಳ ಅಮೆರಿಕದವರಿಗೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮರಿಯಯ್ಯನವರು ಮಾತ್ರ ತಲೆ ಅಲ್ಲಾಡಿಸಿದರು. ಅವತ್ತು ಚತುರ್ದಶಿ, ರಿಕ್ತ ತಿಥಿ, ಶುಭಕ್ಕೆ ಹಿಡಿಯುವುದಿಲ್ಲ.

"ಸ್ವಾಮಿ, ಗಗಾರಿನ್ ಮೇಲೆ ಹೋಗಿ ಬರೋದಕ್ಕೆ ತೊಗೊಂಡಿದ್ದು ಎಷ್ಟು ನಿಮಿಷ ಹೇಳಿ? ನೂರೆಂಟು."

ನೂರೆಂಟು ಎಂಬ ಸಂಖ್ಯೆ ಕೇಳಿ ಅಯ್ಯನವರು ಕೊಂಚ ಮೆತ್ತಗಾದರು. ಸಾಕಾಗಿಯೂ ಹೋಗಿತ್ತು ಅವರಿಗೆ. ರಷ್ಯಾದವನೊಬ್ಬ ಗೊತ್ತಿಲ್ಲದೆ ಅಷ್ಟೋತ್ತರ ಮುಗಿಸಿದ್ದಾನೆ, ನಡೆಯಲಿ ಎಂದರು. ಬಿಸಿಲು ಇಳಿದ ಮೇಲೆ, ಸಂಜೆ ನಾಲ್ಕೂವರೆಗೆ ಎಂದು ಗೊತ್ತಾಯಿತು.

ಬುಧವಾರ ಮಧ್ಯಾಹ್ನ ಊಟ ಮುಗಿಸಿಕೊಂಡು ಹದಿನೈದು ಜನ ಒಂದು ವ್ಯಾನಿನಲ್ಲಿ ಹೊರಟರು. ಹಿತ್ತಾಳೆ ತಟ್ಟೆಗಳಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಕಲ್ಲುಸಕ್ಕರೆ. ಮೇಷ್ಟ್ರು ಊರೆಲ್ಲ ಅಲೆದು ಅಸಲಿ ರಸಬಾಳೆಯ ಚಿಪ್ಪು ತಂದು ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ಗಗಾರಿನ್ನನ ಕಥೆ ಹೇಳಿದರು. ಮರಿಯಯ್ಯನವರು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು. ಗಾನವಿ ಹಸಿರು ರೇಷ್ಮೆ ಸೀರೆಯಲ್ಲಿ ಅಪ್ಪನ ಎದುರಿಗೇ ಕುಳಿತು ಹೂಂಗುಟ್ಟುತ್ತಿದ್ದಳು. ಪಕ್ಕದಲ್ಲಿ ಎಲ್ಲೋ ಕಪಿಲೆ, ತಿಥಿ ತಾರೀಖು ಒಂದೂ ಕೇಳದೆ, ತಾನೂ ನರಸೀಪುರದ ಕಡೆಗೆ ಹೋಗುತ್ತಿದ್ದಳು.

ನರಸೀಪುರ ಇನ್ನೇನು ಬಂತು ಎನ್ನುವಾಗ ಒಂದು ಹಳ್ಳಿಯ ಗೇಟಿನಲ್ಲಿ ರಸ್ತೆಗೆ ಅಡ್ಡಲಾಗಿ ಕಲ್ಲು ಜೋಡಿಸಿದ್ದರು. ಆಚೆ ಈಚೆ ಬಸ್ಸು, ಲಾರಿ ನಿಂತಿದ್ದವು. ಅಂಗಡಿಗಳ ಬಾಗಿಲು ಎಳೆದಿತ್ತು. ಒಬ್ಬ ಯುವಕ ವ್ಯಾನಿನ ಕಿಟಕಿಗೆ ಬಂದು ಇಣುಕಿದ. ಅವನ ಕಣ್ಣು ಕೆಂಪಗಿದ್ದವು.

"ಗಾಡಿ ಮುಂದಕ್ ಓಗಂಗಿಲ್ಲ. ಇವತ್ತು ಯಾವ ಗಾಡೀನೂ ಓಗಂಗಿಲ್ಲ" ಎಂದ. ಆಮೇಲೆ ಮೇಷ್ಟ್ರನ್ನು ಗುರುತು ಹಿಡಿದು, "ಸಾ, ನೀವಾ? ನಾನು ಚಿಕ್ಕಸ್ವಾಮಿ ಸಾ, ತೊಂಬತ್ತಾರನೇ ಬ್ಯಾಚು. ಅಣ್ಣಾವ್ರು ಓಗ್ಬುಟ್ರು ಸಾ" ಎಂದು ಕಿಟಕಿಯ ಸರಳು ಹಿಡಿದುಕೊಂಡೇ ಅತ್ತ.

ಡಾಕ್ಟರ್ ರಾಜ್‌ಕುಮಾರ್ ತೀರಿಕೊಂಡಿದ್ದರು. ಮಧ್ಯಾಹ್ನ, ಬೆಂಗಳೂರಿನಲ್ಲಿ. ವ್ಯಾನಿನೊಳಗೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಡ್ರೈವರು ಇಂಜಿನ್ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟ. ಮೇಷ್ಟ್ರಿಗೂ ಎದೆಯಲ್ಲಿ ಏನೋ ಕುಸಿಯಿತು. ಕುಸಿದ ಮರುಕ್ಷಣವೇ, ಇವತ್ತು ತಾರೀಖೆಷ್ಟು ಎಂಬುದು ನೆನಪಾಗಿ ಇನ್ನೂ ಆಳಕ್ಕೆ ಕುಸಿಯಿತು. ಇಡೀ ವರ್ಷ ಜಾಲಾಡಿ ಕರ್ನಾಟಕವೇ ಗೋಳಾಡುವ ದಿನವನ್ನು ಹುಡುಕಿ ತೆಗೆಯುವುದಕ್ಕೆ ಒಬ್ಬ ಸಮಾಜ ಮೇಷ್ಟ್ರೇ ಆಗಬೇಕಿತ್ತು. ಪಂಚಾಂಗದವರ ಕೈಲಿ ಆಗುವ ಕೆಲಸವಲ್ಲ ಇದು.

ಎಚ್ಚರವಾಗಿ ವಿಷಯ ತಿಳಿದ ಮರಿಯಯ್ಯನವರು ಮೇಷ್ಟ್ರ ಮುಖ ನೋಡಿದರು. ಪಂಚಾಂಗವನ್ನು ಚೀಲದ ತಳಕ್ಕೆ ತುರುಕಿದರು. ಬೈದಿದ್ದರೆ ವಾಸಿಯಿತ್ತು.

"ಸಾ, ಗಾಡಿ ಬುಟ್ರೆ ನನ್ನೇ ಒಡೀತಾರೆ. ನಾಲೆ ಏರಿ ಮ್ಯಾಲೆ ನಡ್ಕಂಡ್ ಓದ್ರೆ ಯಾರೂ ಕೇಳಲ್ಲ. ನಾನೇ ಕರ್ಕೊಂಡ್ ಓಗ್ತೀನಿ ಬನ್ನಿ" ಎಂದ ಚಿಕ್ಕಸ್ವಾಮಿ. ವಾಪಸು ಹೋಗೋಣ ಎಂದರೂ ವ್ಯಾನು ತಿರುಗಿಸಲು ಜಾಗವಿರಲಿಲ್ಲ. ಗುರುಮಲ್ಲಪ್ಪನವರ ಫೋನು ಹತ್ತುತ್ತಿರಲಿಲ್ಲ. ಮಿಕ್ಕವರನ್ನೆಲ್ಲ ವ್ಯಾನಿನಲ್ಲೇ ಬಿಟ್ಟು, ಮೇಷ್ಟ್ರು, ಮಲ್ಲಾಜಮ್ಮ, ಗಾನವಿ, ಮರಿಯಯ್ಯನವರು ನಾಲೆಯ ಏರಿ ಹತ್ತಿದರು. ತಟ್ಟೆಗಳಿಗೆ ಟವೆಲ್ ಮುಚ್ಚಿದ್ದರು. ರಸಬಾಳೆಯ ಚಿಪ್ಪನ್ನು ಚಿಕ್ಕಸ್ವಾಮಿ ಹೆಗಲ ಮೇಲೆ ಹೊತ್ತು ಮುಂದೆ ನಡೆದ. ಬಾಳೆಹಣ್ಣು ಹೊತ್ತು, ಕಣ್ಣೀರು ಒರೆಸಿಕೊಳ್ಳುತ್ತ, ಸಾಲಾಗಿ ಹೊರಟ ಇವರನ್ನು ಕಂಡು ಎದುರಾದವರೆಲ್ಲ ಗೌರವದಿಂದ ದಾರಿ ಬಿಟ್ಟರು. ಯಾವುದೋ ಊರಿನ ಅಭಿಮಾನಿಗಳು ಪೂಜೆಗೆ ಹೊರಟಿದ್ದಾರೆ ಎಂದುಕೊಂಡಿರಬೇಕು.

ಗಾನವಿ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆಯುತ್ತಿದ್ದಳು. ಬಹಳ ದೂರ ಹೋದ ಮೇಲೆ ಮೇಷ್ಟ್ರು, "ಸಿಟ್ಟಾ ಮಗಾ?" ಎಂದರು.

"ಇಲ್ಲ ಅಪ್ಪ. ಭಯ" ಎಂದಳು.

ಗುರುಮಲ್ಲಪ್ಪನವರ ಮನೆಯ ಮುಂದಿನ ಚಪ್ಪರಕ್ಕೆ ಕಟ್ಟಿದ್ದ ಮಾವಿನ ತೋರಣ ಹಾಗೇ ಇತ್ತು. ಪಡಸಾಲೆಯಲ್ಲಿ ಬೀದಿಯ ಜನವೆಲ್ಲ ಟಿ.ವಿ. ಮುಂದೆ ಕೂತು ಅಳುತ್ತಿದ್ದರು. ಗುರುಮಲ್ಲಪ್ಪನವರು ಎದ್ದು ಬಂದು ಇವರನ್ನು ಹೊಸಿಲ ಆಚೆಯೇ ತಡೆದು ನಿಲ್ಲಿಸಿಕೊಂಡರು. ನಡೆದು ಬಂದಿದ್ದೀರಾ ಎಂದು ನೀರು ತರಿಸಿದರು. ಮಾತು ಎಂದಿನಂತೆ ಮೆತ್ತಗೇ ಇತ್ತು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಇವತ್ತು ಬೇಡ ಅಂತ ಎಲ್ರೂ ಅಂತಾವ್ರೆ. ಮುಂದಕ್ಕೆ... ನೋಡೋಣ."

ಆ 'ನೋಡೋಣ' ಎಂಬ ಮಾತು ಕಳಲೆಯ ದಿಕ್ಕಿಗೆ ತಿರುಗಿಕೊಂಡಿದೆ ಎಂದು ಮೇಷ್ಟ್ರಿಗೆ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದರು. ಒಂದು ತಾರೀಖಿಗೆ ನೂರೆಂಟು ಸಂಗತಿ ಬಂದು ಸೇರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರುವುದಿಲ್ಲ, ನೆಪೋಲಿಯನ್ ಹುಟ್ಟಿದ್ದಕ್ಕೂ ನಮಗೆ ಸ್ವಾತಂತ್ರ್ಯ ಬಂದದ್ದಕ್ಕೂ ಏನು ನಂಟು, ದಿನ ಎನ್ನುವುದು ಬರೀ ಒಂದು ಅಂಕಿ ಎಂದು ಬಹಳ ಚೆನ್ನಾಗಿ ವಿವರಿಸಿದರು.

ಗುರುಮಲ್ಲಪ್ಪನವರು ಪೂರ್ತಿ ಕೇಳಿಸಿಕೊಂಡರು. "ಈ ಮಾತ್ನ ನೀವು ಮಾರ್ಚ್ ತಿಂಗಳಲ್ಲೇ ಹೇಳಿದ್ದಿದ್ರೆ ಇಷ್ಟೊತ್ತಿಗೆ ಮದ್ವೇನೇ ಮುಗ್ದೋಗಿರೋದು" ಎಂದರು.

ಮೇಷ್ಟ್ರು ಉತ್ತರಕ್ಕಾಗಿ ಒಂದೊಂದೇ ಇಸವಿ ತಡಕತೊಡಗಿದರು. ಅಷ್ಟರಲ್ಲಿ ಹುಡುಗನ ಸೋದರತ್ತೆ ಟಿ.ವಿ.ಯ ಮುಂದಿನಿಂದ ಎದ್ದು ಬಂದರು. ಗಾನವಿಯನ್ನು ಮೇಲಿಂದ ಕೆಳಗೆ ನೋಡಿ, "ಒಸ್ಲು ತುಳಿಯಾಕ್ ಮುಂಚೇನೇ ಇಂಗಾಯ್ತು. ಇನ್ನ ತುಳುದ್ರೆ ಏನ್ ಕಾದದೋ. ಕಾಲ್ಗುಣ ಅಂತೊಂದ್ ಇರ್ತದೆ ಕಣ್ರಪ್ಪ" ಎಂದರು.

ಗಾನವಿ ತನ್ನ ಕಾಲನ್ನೇ ನೋಡಿಕೊಂಡಳು. ನಾಲೆಯ ಮಣ್ಣು ಮೆತ್ತಿದ ಕಾಲು. ಅಪ್ಪ ದಿನ ಬೇಡ ಎಂದಾಗ ತಲೆ ಎತ್ತಿ ವಾದ ಮಾಡಿದ ಹುಡುಗಿ ಈಗ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಬಾಗಿಲ ಒಳಗೆ ನಿಂತಿದ್ದ ಪ್ರಭುಸ್ವಾಮಿ "ಅತ್ತೆ, ಸುಮ್ನಿರಿ" ಎಂದದ್ದು ಟಿ.ವಿ.ಯ ಸದ್ದಿನಲ್ಲಿ ಅರ್ಧ ಕೇಳಿಸಿತು.

ಮೇಷ್ಟ್ರಿಗೆ ಅವಳು ಸರಿದ ಆ ಒಂದು ಹೆಜ್ಜೆಯನ್ನು ತಡೆದುಕೊಳ್ಳಲಾಗಲಿಲ್ಲ.

"ತಾಯಿ, ಈ ದಿನ ಅವಳು ಆರಿಸಿದ್ದಲ್ಲ, ನಾನು ಆರಿಸಿದ್ದು. ಕಾಲ್ಗುಣ ಅಂತ ಏನಾದ್ರೂ ಇದ್ರೆ ಅದು ನನ್ನ ಕಾಲಿಂದು, ಅವಳದಲ್ಲ" ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸುವ ಅಭ್ಯಾಸ ಅವರಿಗೆ ಎಂದೂ ಇರಲಿಲ್ಲ. "ಗುರುಮಲ್ಲಪ್ಪನೋರೇ, ನಿಜ ಹೇಳ್ಬಿಡ್ತೀನಿ. ರುವಾಂಡಾ, ಹಿಟ್ಲರ್, ಬಾಂಬು, ಎಲ್ಲಾ ನೆಪ. ಅಯ್ನೋರು ಯಾವ ದಿನ ಕೊಟ್ಟಿದ್ರೂ ನಾನು ಅಲ್ಲೊಂದು ಹೆಣ ಹುಡುಕ್ತಿದ್ದೆ. ದಿನಾ ಬೆಳಿಗ್ಗೆ ಸ್ಕೂಲಲ್ಲಿ ಹೇಳೋದನ್ನ ಇವಳ ಮುಂದೆ ಒಂದ್ಸಲ ಹೇಳಿ ಹೋಗ್ತೀನಿ ನಾನು. ಹದಿನೈದು ವರ್ಷ. ಇವಳು ಹೂಂ ಅಂದ್ರೇನೇ ನಂಗೆ ಆ ದಿನ ಶುರುವಾಗೋದು. ಸ್ಕೂಲಲ್ಲಿ ಯಾರೂ ಕೇಳಲ್ಲ, ಅದು ನಂಗೆ ಗೊತ್ತು. ಕೇಳೋಳು ಇವಳೊಬ್ಬಳು. ಇವಳನ್ನ ಕಳಿಸೋ ದಿನ ಯಾವುದು ಬಂದ್ರೂ ಅದು ಕೆಟ್ಟ ದಿನಾನೇ ಅಂತ ಮನಸ್ಸು ಮೊದ್ಲೇ ತೀರ್ಮಾನ ಮಾಡಿಬಿಟ್ಟಿತ್ತು. ಆಮೇಲೆ ಕಾರಣ ಹುಡುಕ್ದೆ."

ಹೇಳುವವರೆಗೂ ಇದು ತಮಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ, ಬೇರೆಯವರ ಮನೆಯ ಹೊಸಿಲಲ್ಲಿ, ಊರೆಲ್ಲ ಸೇರಿರುವಾಗ, ಬೀಗರಾಗಬೇಕಾದವರ ಮುಂದೆ ಹೀಗೆ ಒದರಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಕಿವಿ ಬಿಸಿಯಾದವು. ಮಲ್ಲಾಜಮ್ಮ ಗಂಡನನ್ನು ಹೊಸದಾಗಿ ನೋಡುವಂತೆ ನೋಡಿದರು. ಗಾನವಿ ಅಪ್ಪನ ತೋಳನ್ನು ಮೊಣಕೈ ಹತ್ತಿರ ಹಿಡಿದುಕೊಂಡಳು.

ಒಳಕೋಣೆಯಿಂದ ಒಂದು ಮುದಿ ದನಿ ಕೇಳಿಸಿತು. "ಗುರುಮಲ್ಲ, ಯಾರ್ಲಾ ಅದು? ಎಣ್ಣಿನ್ ಕಡೆಯೋರು ಬಂದ್ರಾ?"

"ಬಂದವ್ರೆ ಕಣವ್ವ. ರಾಜಣ್ಣ ಓಗ್ಬುಟ್ರಲ್ಲ, ಅದ್ಕೆ ಇವತ್ತು ಬ್ಯಾಡ ಅಂತ..." ಅವ್ವನ ಮುಂದೆ ಗಿರಣಿ ಮಾಲೀಕರ ಭಾಷೆಯೂ ಮಗನ ಭಾಷೆಯಾಯಿತು.

"ಬೆಳಗ್ಗಿಂದ ಅದೇ ಟಿ.ವಿ. ಕೇಳ್ತಾ ನಾನೂ ಅತ್ತಿದ್ದೀನಿ. ಅಂಗಂತ ಮನೆಗ್ ಬಂದೋರ್ನ ಬಾಗ್ಲಲ್ ನಿಲ್ಸದಾ? ನಾ ಸಾಯೋ ದಿನಾನೂ ಯಾರಾರಾ ಮನೇಲಿ ವೀಳ್ಯ ಬದಲಾಯಿಸ್ತಾ ಇರ್ತಾರೆ. ನಾನೇನ್ ಎದ್ ಓಗಿ ಬ್ಯಾಡ ಅಂತೀನಾ? ಇಲ್ಲಿಗ್ ಕರ್ಕೊಂಡ್ ಬಾ. ಉಡುಗಿ ಮೊಕ ತೋರ್ಸು."

ಬೆಳಿಗ್ಗೆ ರಾಜಣ್ಣ ಇನ್ನೂ ಇದ್ದರು ಎಂದು ತಿದ್ದಲು ಮೇಷ್ಟ್ರ ನಾಲಿಗೆ ಒಂದು ಕ್ಷಣ ತುರಿಸಿತು. ಕಚ್ಚಿ ಹಿಡಿದರು.

ಗುರುಮಲ್ಲಪ್ಪನವರು ಅಕ್ಕನನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ಮೇಷ್ಟ್ರನ್ನು ನೋಡಿದರು. "ನಮಗೂ ಒಬ್ಬಳು ಮಗಳಿದ್ದಾಳೆ ಮೇಷ್ಟ್ರೇ. ಗುಂಡ್ಲುಪೇಟೆಗೆ ಕೊಟ್ಟಿದ್ದೀವಿ. ಅವಳು ಹೋದ ಮೇಲೆ ನಾನು ಒಂದು ತಿಂಗಳು ಗಿರಣಿ ಬಾಗಿಲು ತೆಗೀಲಿಲ್ಲ. ಬೆಲ್ಟು ಕೆಟ್ಟದೆ ಅಂತ ಹೇಳ್ತಿದ್ದೆ ಎಲ್ರಿಗೂ" ಎಂದರು. ಆಮೇಲೆ ಬಾಗಿಲಿಂದ ಪಕ್ಕಕ್ಕೆ ಸರಿದು, "ಬಾಮ್ಮ, ಕಾಲು ತೊಳ್ಕೊಂಡು ಒಳಕ್ಕೆ ಬಾ" ಎಂದರು ಗಾನವಿಗೆ.

ವಾದ್ಯವಿರಲಿಲ್ಲ. ಟಿ.ವಿ.ಯ ಸದ್ದು ತಗ್ಗಿಸಿದರು, ಆರಿಸಲಿಲ್ಲ. ಒಳಕೋಣೆಯಲ್ಲಿ ಅಜ್ಜಿಯ ಮಂಚದ ಪಕ್ಕ ಚಾಪೆ ಹಾಸಿ ವೀಳ್ಯದ ತಟ್ಟೆಗಳನ್ನು ಬದಲಿಸಿಕೊಂಡರು. ಅಜ್ಜಿ ಗಾನವಿಯ ಗಲ್ಲ ಹಿಡಿದು ಬಹಳ ಹೊತ್ತು ನೋಡಿ, ರಸಬಾಳೆಯ ಹಣ್ಣೊಂದನ್ನು ಬಿಡಿಸಿಕೊಡು ಎಂದರು. ಸೋದರತ್ತೆಯೇ ಮುನಿಸಿಕೊಂಡ ಮುಖದಲ್ಲಿ ಅರಿಶಿನ ಕುಂಕುಮ ತಂದು ಕೊಟ್ಟರು. ಮದುವೆಗೆ ದಿನ ಹೇಳಿಬಿಡಿ ಅಯ್ನೋರೇ ಎಂದರು ಗುರುಮಲ್ಲಪ್ಪನವರು. ಮರಿಯಯ್ಯನವರು ಪಂಚಾಂಗ ತೆರೆದು, ಎಣಿಸಿ, ಬಹಳ ಮೆಲ್ಲನೆ "ಮೇ ಹತ್ತು" ಎಂದರು. ಎಂದವರೇ ಉಸಿರು ಬಿಗಿಹಿಡಿದು ಮೇಷ್ಟ್ರ ಕಡೆ ತಿರುಗಿದರು. ಕೋಣೆಯಲ್ಲಿದ್ದವರೆಲ್ಲ ತಿರುಗಿದರು.

ಮೇ ಹತ್ತು. ಸಾವಿರದ ಎಂಟುನೂರ ಐವತ್ತೇಳು. ಮೀರತ್. ಮೇಷ್ಟ್ರ ಬಾಯಿಯವರೆಗೂ ಬಂತು.

"ಅಪ್ಪ, ದಂಗೆ ಶುರುವಾದ ದಿನ ಅಲ್ವಾ?" ಎಂದು ಗಾನವಿಯೇ ಮೆಲ್ಲಗೆ ಕೇಳಿದಳು. ಅವಳ ತುಟಿಯ ತುದಿಯಲ್ಲಿ ನಗು ಇತ್ತು, ಕಣ್ಣಲ್ಲಿ ಇನ್ನೂ ಭಯ.

"ನಾನೂ ನಿಮ್ಮವ್ವನೂ ಪಂಚಾಂಗದಲ್ಲಿ ಬಹಳ ಒಳ್ಳೆ ದಿನ ನೋಡಿ ಮದುವೆ ಆದ್ವಿ ಮಗಾ. ದಂಗೆ ತಪ್ಪಲಿಲ್ಲ" ಎಂದರು ಮೇಷ್ಟ್ರು. "ಆಗ್ಲಿ ಸ್ವಾಮಿ. ಮೇ ಹತ್ತೇ ಆಗ್ಲಿ."

ಅಜ್ಜಿ ಮೊದಲು ನಕ್ಕರು, ಆಮೇಲೆ ಉಳಿದವರು. ನಗು ಜೋರಾಗುವ ಮುಂಚೆ ಪಡಸಾಲೆಯ ನೆನಪಾಗಿ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು. ಮೇಷ್ಟ್ರು ಕೈ ತೊಳೆಯುವ ನೆಪದಲ್ಲಿ ಎದ್ದು ಹೊರಗೆ ಬಂದರು.

ಪಡಸಾಲೆಯಲ್ಲಿ ಚಿಕ್ಕಸ್ವಾಮಿ ಟಿ.ವಿ.ಯ ಮುಂದೆ ಗೋಡೆಗೆ ಒರಗಿ ಕೂತಿದ್ದ. ಮೇಷ್ಟ್ರು ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಪರದೆಯ ಮೇಲೆ ಜನಸಾಗರ. ಇನ್ನೊಂದು ತಿಂಗಳಿಗೆ ಬೆಳಗಿನ ಕಾಫಿಯ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲು ಖಾಲಿಯಾಗಿರುತ್ತದೆ ಎಂಬುದು ಅವರಿಗೆ ಆ ಕ್ಷಣ ಸ್ಪಷ್ಟವಾಗಿ ಕಂಡಿತು. ದುಃಖ ಒತ್ತರಿಸಿಕೊಂಡು ಬಂತು. ತಡೆಯಲು ನೋಡಿದರು. ಆಮೇಲೆ, ಇಡೀ ನಾಡೇ ಅಳುತ್ತಿರುವ ದಿನ ತಾನೊಬ್ಬ ಅತ್ತರೆ ಯಾರು ಕಾರಣ ಕೇಳುತ್ತಾರೆ ಎಂದು ಹೊಳೆಯಿತು. ಸುಮ್ಮನೆ ಅತ್ತುಬಿಟ್ಟರು, ಹೆಗಲು ಅಲುಗುವಷ್ಟು.

ಚಿಕ್ಕಸ್ವಾಮಿ ತನ್ನ ಅಳು ನಿಲ್ಲಿಸಿ ಗುರುಗಳ ಬೆನ್ನು ಸವರಿದ. "ಅತ್ಬುಡಿ ಸಾ, ತಡ್ಕಬ್ಯಾಡಿ. ಅಂಥೋರು ಇನ್ನ ಉಟ್ಟಲ್ಲ" ಎಂದ.

ತಾರೀಖು ಮೇಷ್ಟ್ರು ಅವನನ್ನು ತಿದ್ದಲಿಲ್ಲ. "ಹೌದಪ್ಪ, ಹುಟ್ಟಲ್ಲ" ಎಂದು ಅವನ ಟವೆಲ್ಲಿನಲ್ಲೇ ಮೂಗು ಒರೆಸಿಕೊಂಡರು.